ಆಫ್ರಿಕಾದ ಬೀಜ, ನಮ್ಮ ಫ್ಯಾಕ್ಟರಿ: ಮಾತುಕತೆಯಲ್ಲಿ ಯಾರಿಲ್ಲ?

ಅತ್ತಾವರದ ಅಂಗಡೀಲಿ ಕೊಳ್ಳೋ ಗೋಡಂಬಿಯೆಲ್ಲ ಊರಿನದ್ದೇ ಅಂದ್ಕೋಬೇಡಿ. ಮಂಗಳೂರಿನ ಬೀಜದ ಫ್ಯಾಕ್ಟರಿಗಳು ಆಫ್ರಿಕಾದ ಕಚ್ಚಾ ಗೇರುಬೀಜವನ್ನು ನೆಚ್ಚಿಕೊಂಡಿವೆ.

1990ರ ದಶಕದಲ್ಲಿ ವಿಶ್ವಬ್ಯಾಂಕ್ ಒತ್ತಡಕ್ಕೆ ಮಣಿದು ಮೊಜಾಂಬಿಕ್ ಕಚ್ಚಾ ಬೀಜದ ರಫ್ತು ಸುಂಕ ಇಳಿಸಿತು. ಬೀಜ ಭಾರತಕ್ಕೆ ಬಂತು. ಅಲ್ಲಿ ಫ್ಯಾಕ್ಟರಿಗಳು ಮುಚ್ಚಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅವರ ಮಾತಿಗೆ ಬೆಲೆ ಸಿಗಲಿಲ್ಲ.

ಈಗ ಐವರಿ ಕೋಸ್ಟ್, ಬೆನಿನ್ ತಮ್ಮ ಬೀಜವನ್ನು ತಮ್ಮಲ್ಲೇ ಸಂಸ್ಕರಿಸಲು ಹೊರಟಿವೆ. ಅದು ಅವರ ಹಕ್ಕು. ಹಾಗಾದ್ರೆ ಇಲ್ಲಿ ಬೀಜ ಸುಲಿಯೋ ಅಕ್ಕಂದಿರ ಗತಿ?

2023ರ ದೆಹಲಿ ಜಿ20ಯಲ್ಲಿ ಆಫ್ರಿಕನ್ ಯೂನಿಯನ್‌ಗೆ ಕಾಯಂ ಸದಸ್ಯತ್ವ ಸಿಕ್ಕಾಗ ಚಪ್ಪಾಳೆ ತಟ್ಟಿದೆವು. ಇನ್ನು ಎರಡೂ ಕಡೆಯ ಕಾರ್ಮಿಕರೂ ಮಾತುಕತೆಗೆ ಕೂರಲಿ. ಗೇರು ಸಂಶೋಧನಾ ನಿರ್ದೇಶನಾಲಯ ಪುತ್ತೂರಲ್ಲೇ ಇದೆ. ನಮ್ಮ ಗುಡ್ಡಗಳಲ್ಲಿ ಬೆಳೆ ಹೆಚ್ಚಿಸದೆ, ಆಫ್ರಿಕಾ ಕಚ್ಚಾ ಮಾಲು ಕೊಡುತ್ತಲೇ ಇರಲಿ ಅನ್ನೋದು ಸ್ನೇಹವಲ್ಲ.