ಪ್ರವಾಸದ ಎರಡು ದಿನಚರಿಗಳು

ನಾವು ಕಂಡಂತೆ, ಪ್ರವಾಸ ಹೋಗಿಬಂದ ಬಹುತೇಕ ಮನೆಗಳಲ್ಲಿ ಒಂದು ನೋಟುಬುಕ್ಕು ಉಳಿದಿರುತ್ತದೆ. ಹೊರಟ ವೇಳೆ, ಬಸ್ಸಿನ ದರ, ತಂಗಿದ ಛತ್ರ, ಒಟ್ಟು ಖರ್ಚು ಎಲ್ಲವೂ ಅದರಲ್ಲುಂಟು. ದಾರಿಯಲ್ಲಿ ಕಂಡ ಮನುಷ್ಯರು ಮಾತ್ರ ಇಲ್ಲ. ಅವರ ಕಥೆಗಳೆಲ್ಲ ಅಜ್ಜಿಯ ಬಾಯಲ್ಲಿರುತ್ತವೆ. ಆಕೆಯ ತರುವಾಯ ಉಳಿಯುವುದು ಲೆಕ್ಕವೊಂದೇ.

ಜಪಾನಿನ ಕವಿ ಬಾಶೋ 1689ರಲ್ಲಿ ಶಿಷ್ಯ ಸೋರಾನೊಡನೆ ಉತ್ತರ ಸೀಮೆಗೆ ಕಾಲ್ನಡಿಗೆಯ ಯಾತ್ರೆ ಹೊರಟನು. ಶಿಷ್ಯನು ದಿನಾಂಕ, ಹವೆ, ತಂಗುದಾಣಗಳನ್ನು ಗುರುತು ಹಾಕಿಕೊಂಡನು. ಗುರುವಾದರೋ ವರ್ಷಗಟ್ಟಲೆ ತಿದ್ದಿ ತೀಡಿ ತನ್ನ ಪ್ರವಾಸಕಥನವನ್ನು ರಚಿಸಿದನು. ಅದು ಅಚ್ಚಾದುದು ಅವನ ಮರಣಾನಂತರ, 1702ರಲ್ಲಿ. ಸೋರಾನ ದಿನಚರಿ 1943ರಲ್ಲಿ ಬೆಳಕು ಕಂಡಾಗ ಎರಡಕ್ಕೂ ತಾಳೆಯಾಗದ ಸಂಗತಿಗಳು ಹೊರಬಿದ್ದವು. ಇಚಿಬುರಿಯ ವಸತಿಗೃಹದಲ್ಲಿ ಇಸೆ ಕ್ಷೇತ್ರಕ್ಕೆ ಹೊರಟಿದ್ದ ಇಬ್ಬರು ಗಣಿಕೆಯರು, ದಾರಿಯ ಭಯದಿಂದ, ತಮ್ಮ ಹಿಂದೆ ಬರಲು ಬಿಡಿರೆಂದು ಕಣ್ಣೀರಿಟ್ಟರೆಂದು ಬಾಶೋ ಬರೆಯುತ್ತಾನೆ. ಸೋರಾನ ದಿನಚರಿಯಲ್ಲಿ ಅವರ ಸುಳಿವೇ ಇಲ್ಲ. ಆದರೂ ಓದಿದವರ ಮನಸ್ಸಿನಲ್ಲಿ ನಿಲ್ಲುವವರು ಆ ಹೆಣ್ಣುಮಕ್ಕಳೇ!

ಕಲ್ಪಿಸುವ ಸ್ವಾತಂತ್ರ್ಯ ಕವಿಗೆ ಸಲ್ಲಬಹುದು. ಸಂಸಾರಿಗರಿಗೆ ಅದು ಬೇಡವೆಂದೇ ನಮ್ಮ ಅಭಿಪ್ರಾಯ. ಮನೆಯ ದಿನಚರಿಯನ್ನು ಮೊಮ್ಮಕ್ಕಳು ನಿಜವೆಂದೇ ಓದುವರು. ಬಲಪುಟದಲ್ಲಿ ಲೆಕ್ಕವಿರಲಿ. ಎಡಪುಟದಲ್ಲಿ ಆ ದಿನ ಭೇಟಿಯಾದ ಒಬ್ಬರೇ ಒಬ್ಬರ ವೃತ್ತಾಂತ ಬರಲಿ: ಹೂ ಮಾರುವಾಕೆ, ರೈಲಿನಲ್ಲಿ ರೊಟ್ಟಿ ಹಂಚಿಕೊಂಡ ಮುದುಕ, ಯಾರಾದರೂ ಸರಿಯೆ. ಅವರಾಡಿದ ಮಾತು ಅವರ ನುಡಿಯಲ್ಲೇ ಇರಲಿ, ಅದೂ ಮಲಗುವ ಮುನ್ನವೇ. ಅಜ್ಜಿಗೆ ಬರೆಯಲು ಕೈ ನಡುಗುವುದಾದರೆ ಆಕೆ ಹೇಳಲಿ, ಮೊಮ್ಮಗಳು ಬರೆದುಕೊಳ್ಳಲಿ.