ಚಪ್ಪಾಳೆ ಚಿತ್ರಕ್ಕೆ, ಹಾಡಿದವನಿಗೇನು?

ಸಂಗೀತಗಾರರ ಬದುಕನ್ನು ಆಧರಿಸಿದ ಚಲನಚಿತ್ರಗಳಿಗೆ ಇದು ಸುಗ್ಗಿಯ ಕಾಲ. ಬ್ರಿಟನ್ನಿನ ‘ಕ್ವೀನ್’ ರಾಕ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಯನ್ನು ಕುರಿತ ‘ಬೊಹೀಮಿಯನ್ ರಾಪ್ಸಡಿ’ 2018ರಲ್ಲಿ ಬಂದಿತು. 1988ರಲ್ಲಿ ಹಂತಕರ ಗುಂಡಿಗೆ ಬಲಿಯಾದ ಪಂಜಾಬಿನ ಜನಪ್ರಿಯ ಗಾಯಕ ಅಮರ್ ಸಿಂಗ್ ಚಮ್ಕೀಲಾನ ಬದುಕನ್ನು 2024ರಲ್ಲಿ ಇಮ್ತಿಯಾಜ್ ಅಲಿ ಚಿತ್ರವಾಗಿಸಿದರು. ಅದೇ ವರ್ಷದ ಕೊನೆಗೆ ಬಾಬ್ ಡಿಲನ್ ಅವರ ಯೌವನದ ದಿನಗಳು ತೆರೆಯನ್ನೇರಿದವು. ಇಂಥ ಚಿತ್ರಗಳು ಬಂದಾಗಲೆಲ್ಲ ವಿಮರ್ಶಕರು ಇತಿಹಾಸದ ತಪ್ಪುಗಳನ್ನು ಎಣಿಸುತ್ತಾರೆ. ಪ್ರೇಕ್ಷಕರು ಕಣ್ಣೊರೆಸಿಕೊಂಡು ಹೊರಬರುತ್ತಾರೆ. ಈ ಎರಡು ಪ್ರತಿಕ್ರಿಯೆಗಳ ನಡುವಿನ ಅಂತರವನ್ನು ಕೇವಲ ಅಭಿರುಚಿಯ ವ್ಯತ್ಯಾಸವೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಒಂದು ಅರ್ಥಶಾಸ್ತ್ರವೂ ಇದೆ.

‘ಬೊಹೀಮಿಯನ್ ರಾಪ್ಸಡಿ’ಯನ್ನು ನಾನು ನೋಡಿದ್ದು ಆ ವರ್ಷದ ನವೆಂಬರಿನಲ್ಲಿ, ಮಗಳ ಒತ್ತಾಯಕ್ಕೆ, ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ. ಕಛೇರಿ ಸಂಗೀತ ಕೇಳಿ ಬೆಳೆದ ನನಗೆ ರಾಕ್ ಎಂದರೆ ಅಬ್ಬರವೆಂಬ ಪೂರ್ವಗ್ರಹವಿತ್ತು. ಜಾಂಜಿಬಾರಿನ ಪಾರ್ಸಿ ದಂಪತಿಯ ಮಗ, ನಮ್ಮ ಪಂಚಗಣಿಯ ಶಾಲೆಯಲ್ಲಿ ಓದಿದ ಹುಡುಗ ಜಗತ್ತನ್ನು ಗೆದ್ದ ಕಥೆ ಅದು. 1985ರ ಜುಲೈ 13ರಂದು ಇಥಿಯೋಪಿಯಾದ ಬರಪೀಡಿತರ ನೆರವಿಗಾಗಿ ಲಂಡನ್ನಿನಲ್ಲಿ ನಡೆದ ‘ಲೈವ್ ಏಡ್’ ಕಾರ್ಯಕ್ರಮದ ಪುನರ್‌ಸೃಷ್ಟಿಯೇ ಚಿತ್ರದ ಕೊನೆಯ ಭಾಗ. ಅದು ಆರಂಭವಾಗುತ್ತಿದ್ದಂತೆ ನನ್ನ ಮುಂದಿನ ಸಾಲಿನ ಹುಡುಗರು ಎದ್ದು ನಿಂತು ಹಾಡತೊಡಗಿದರು. ಅವರು ಹುಟ್ಟುವ ಮೊದಲೇ, 1991ರಲ್ಲೇ ತೀರಿಕೊಂಡಿದ್ದ ಗಾಯಕನಿಗಾಗಿ ಅವರ ಕಣ್ಣಲ್ಲಿ ನೀರಿತ್ತು.

ಚಿತ್ರದಲ್ಲಿ ತಪ್ಪುಗಳಿದ್ದವು. ಏಡ್ಸ್ ತನಗೆ ತಗುಲಿದೆಯೆಂದು ತಿಳಿದೇ ಮರ್ಕ್ಯುರಿ ಆ ಸಂಜೆ ಹಾಡಿದನೆಂದು ಚಿತ್ರ ಹೇಳುತ್ತದೆ. ರೋಗ ಖಚಿತವಾದದ್ದು 1987ರಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಸಂಗತಿ. ಕರುಣರಸಕ್ಕಾಗಿ ಕಾಲವನ್ನು ಹಿಂದೆ ಮುಂದೆ ಮಾಡಿದ್ದನ್ನು ವಿಮರ್ಶಕರು ಕಟುವಾಗಿ ಟೀಕಿಸಿದರು. ಆದರೂ ಚಿತ್ರ ಜಗತ್ತಿನಾದ್ಯಂತ 90 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು; ನಾಲ್ಕು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಪ್ರೇಕ್ಷಕರು ಏಕೆ ಕ್ಷಮಿಸಿದರು? ಕಥೆಯಲ್ಲಿ ಸುಳ್ಳಿದ್ದರೂ ಕಂಠದಲ್ಲಿ ಸುಳ್ಳಿರಲಿಲ್ಲ ಎಂಬುದೇ ನನಗೆ ತೋಚುವ ಉತ್ತರ. ತೆರೆಯ ಮೇಲೆ ತುಟಿಯಾಡಿಸಿದವನು ನಟ. ಬಹುಮಟ್ಟಿಗೆ ಕೇಳಿಬಂದದ್ದು ಮರ್ಕ್ಯುರಿಯದೇ ಧ್ವನಿಮುದ್ರಿತ ದನಿ. ಚಿತ್ರ ನೋಡಿದವರು ಮನೆಗೆ ಹೋಗಿ ಹಳೆಯ ಹಾಡುಗಳನ್ನು ಮತ್ತೆ ಕೇಳಿದರು. ಹಾಗೆ ಕೇಳಿದಾಗಲೆಲ್ಲ ಹಕ್ಕುದಾರರಿಗೆ ಗೌರವಧನ ಸಲ್ಲುವ ವ್ಯವಸ್ಥೆ ಅಲ್ಲಿದೆ. ಪ್ರೇಕ್ಷಕರ ಕಣ್ಣೀರು ಎಷ್ಟೇ ನಿಸ್ವಾರ್ಥವಾಗಿರಲಿ, ಅದರ ಒಂದು ಪಾಲು ಸಂಗೀತದ ಮನೆಗೆ ಹಿಂದಿರುಗಿತು.

ಈ ದೃಷ್ಟಿಯಿಂದ ನಮ್ಮದೇ ಒಂದು ಚಿತ್ರವನ್ನು ನೋಡಬೇಕು. ಜಿ.ವಿ. ಅಯ್ಯರ್ ನಿರ್ದೇಶಿಸಿದ ‘ಹಂಸಗೀತೆ’ 1975ರದು. ಅದಕ್ಕೀಗ ಅರ್ಧ ಶತಮಾನ ತುಂಬಿದೆ. ಅದರ ಮೂಲ ತ.ರಾ. ಸುಬ್ಬರಾಯರ ಅದೇ ಹೆಸರಿನ ಕಾದಂಬರಿ. ಅವರ ಹೆಸರಿನ ಮೊದಲಕ್ಷರ ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮವನ್ನು ಸೂಚಿಸುತ್ತದೆ. ಹದಿನೆಂಟನೆಯ ಶತಮಾನದ ಚಿತ್ರದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಕಥೆ ಅದು. ಅಧಿಕಾರದ ಆಜ್ಞೆಗೆ ಹಾಡಲೊಪ್ಪದೆ ಆತ ತನ್ನ ನಾಲಗೆಯನ್ನೇ ಕೊಯ್ದುಕೊಂಡನೆಂಬ ಐತಿಹ್ಯ ಅದರ ಜೀವಾಳ. ಈ ಕಾದಂಬರಿಯನ್ನು ಆಧರಿಸಿ 1956ರಲ್ಲೇ ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂದಿತ್ತು. ಆಗ ದುರ್ಗದ ಗಾಯಕನಿಗೆ ಉತ್ತರದ ದರ್ಬಾರಿಗೆ ವರ್ಗವಾಗಿತ್ತೆನ್ನಬಹುದು. ಭೀಮಸೇನ ಜೋಶಿ ಮತ್ತು ಮನ್ನಾ ಡೇ ಅದರಲ್ಲಿ ಜೊತೆಯಾಗಿ ಹಾಡಿದರು. ಅಯ್ಯರ್ ಅವರು ಗಾಯಕನನ್ನು ಮರಳಿ ದುರ್ಗಕ್ಕೆ ಕರೆತಂದರು. ಅನಂತನಾಗ್ ಗಾಯಕನಾದರು, ಎಂ. ಬಾಲಮುರಳಿಕೃಷ್ಣ ಆತನ ಕಂಠವಾದರು. ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ, ಬಾಲಮುರಳಿಯವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿ ಸಂದವು.

ಮರ್ಕ್ಯುರಿಗೂ ವೆಂಕಟಸುಬ್ಬಯ್ಯನಿಗೂ ಇರುವ ವ್ಯತ್ಯಾಸ ಇಷ್ಟೇ: ಒಬ್ಬನ ದನಿ ಉಳಿದಿದೆ, ಇನ್ನೊಬ್ಬನದು ಐತಿಹ್ಯ ಮಾತ್ರ. ದನಿ ಉಳಿಯದ ಕಡೆ ನಾವು ತ್ಯಾಗವನ್ನು ಕೊಂಡಾಡುತ್ತೇವೆ. ತ್ಯಾಗ ಮಾಡಿದ ಕಲಾವಿದ ನಮಗೆ ಬಹಳ ಪ್ರಿಯ. ಅವನಿಗೆ ನಾವು ಕೊಡಬೇಕಾದದ್ದು ಏನೂ ಇರುವುದಿಲ್ಲವಲ್ಲ!

ಈ ಮಾತು ನನ್ನ ಸ್ವಂತ ಬುದ್ಧಿಯಿಂದ ಹೊಳೆದದ್ದಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಸರ್ಕಾರಿ ಸೇವೆಯಲ್ಲಿದ್ದೆ. ಮಳೆ ಅಪರೂಪವಾದ, ಶೇಂಗಾ ಬೆಳೆಯನ್ನೂ ಎಣ್ಣೆ ಗಿರಣಿಗಳನ್ನೂ ನಂಬಿದ ನಾಡು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಮಗ್ಗಗಳ ಸದ್ದು. ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿ ಅಶೋಕನ ಶಾಸನಗಳು. ಆಡುಮಾತಿನಲ್ಲಿ ಕನ್ನಡದೊಡನೆ ತೆಲುಗು ಬೆರೆತಿರುತ್ತದೆ. ಹಬ್ಬ, ಜಾತ್ರೆಗಳಲ್ಲಿ ಮ್ಯಾಸಬೇಡರ ಉರುಮೆ ಮೊಳಗಿದರೆ ಎದೆ ನಡುಗುತ್ತಿತ್ತು. ಕಾಡುಗೊಲ್ಲರು ಉದ್ದನೆಯ ಗಣೆಯನ್ನೂದುತ್ತ ಜುಂಜಪ್ಪನ ಕಾವ್ಯವನ್ನು ರಾತ್ರಿಯಿಡೀ ಹಾಡುತ್ತಿದ್ದರು. ಜನಸಮೂಹವನ್ನು ಅಬ್ಬರದಿಂದ ಎದ್ದು ಕುಣಿಸುವುದೇ ರಾಕ್ ಸಂಗೀತದ ಲಕ್ಷಣವಾದರೆ ಆ ಉರುಮೆಯವರು ಯಾವ ತಂಡಕ್ಕೂ ಕಡಿಮೆಯವರಲ್ಲ.

ಅಲ್ಲಿಯ ಒಂದು ಹಳ್ಳಿಯ ಗಣೇಶನ ಹಬ್ಬದಲ್ಲಿ, ಶಾಲೆಯ ಮೇಷ್ಟ್ರೊಬ್ಬರ ಉತ್ಸಾಹದಿಂದ, ಬಯಲಿನಲ್ಲಿ ಪರದೆ ಕಟ್ಟಿ ‘ಹಂಸಗೀತೆ’ಯನ್ನು ತೋರಿಸಿದರು. ನಮ್ಮ ಸೀಮೆಯವರೇ ಬರೆದ ಕಥೆಯೆಂದು ಅವರು ಮೊದಲು ನಾಲ್ಕು ಮಾತು ಹೇಳಿದರು. ಹೊಡೆದಾಟವಿರುವ ಚಿತ್ರವನ್ನು ನಿರೀಕ್ಷಿಸಿದ್ದ ಹುಡುಗರು ಆಲಾಪನೆ ಕೇಳುತ್ತಲೇ ಮನೆಗೆ ನಡೆದರು. ಹಿರಿಯರು ಕದಲಲಿಲ್ಲ. ಚಿತ್ರ ಮುಗಿದಾಗ ಬಯಲಿನಲ್ಲಿ ಒಂದು ಬಗೆಯ ಮೌನ ಕವಿದಿತ್ತು. ಎಲ್ಲರೂ ಕಂಬಳಿ ಕೊಡವಿಕೊಂಡು ಏಳುತ್ತಿರುವಾಗ ಉರುಮೆ ಬಾರಿಸುವ ವೃದ್ಧನೊಬ್ಬ ನನ್ನ ಬಳಿಗೆ ಬಂದು ಕೇಳಿದ: ‘ಸ್ವಾಮಿ, ನಾಲಿಗೆ ಕೊಯ್ಕಂಡ ಮ್ಯಾಲೆ ಅವನ ಹೊಟ್ಟೆಪಾಡು ಏನಾತು?’

ನಾನು ನಕ್ಕೆ. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದಿದ್ದ ನನಗೆ ಅದು ನನ್ನ ಶಾಸ್ತ್ರದ ಮೊದಲ ಪ್ರಶ್ನೆಯೆಂದು ಆಗ ಹೊಳೆಯಲಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಪ್ರಶ್ನೆಯ ಬುಡಕ್ಕೆ ಕೈಹಾಕಿತು. ಯಂತ್ರ ಬಂದರೆ ಒಬ್ಬ ಕಾರ್ಮಿಕ ಮೊದಲಿನ ಹತ್ತರಷ್ಟು ಬಟ್ಟೆ ನೇಯಬಲ್ಲ. ಆದರೆ ನಾಲ್ವರು ಅರ್ಧ ಗಂಟೆ ನುಡಿಸಬೇಕಾದ ಕೃತಿಗೆ ಇಂದಿಗೂ ನಾಲ್ವರು, ಅರ್ಧ ಗಂಟೆ ಬೇಕು. ಉಳಿದ ಕ್ಷೇತ್ರಗಳಲ್ಲಿ ಕೂಲಿ ಏರಿದಂತೆ ಕಲಾವಿದನ ಬದುಕು ದುಬಾರಿಯಾಗುತ್ತದೆ. ಅವನ ಉತ್ಪಾದಕತೆ ಮಾತ್ರ ಏರುವುದಿಲ್ಲ. ಜುಂಜಪ್ಪನ ಕಾವ್ಯವನ್ನು ಹಾಡಲು ಅಂದೂ ಒಂದು ರಾತ್ರಿ ಬೇಕಿತ್ತು, ಇಂದೂ ಬೇಕು.

ಧ್ವನಿಮುದ್ರಣ ಈ ಕಟ್ಟನ್ನು ಬಿಡಿಸಿತು ನಿಜ. ಆದರೆ ಅದು ಇನ್ನೊಂದು ಸಮಸ್ಯೆಯನ್ನು ತಂದಿತು. ಶೆರ್ವಿನ್ ರೋಸೆನ್ 1981ರಲ್ಲಿ ವಿವರಿಸಿದಂತೆ, ಒಂದೇ ದನಿಯನ್ನು ಕೋಟಿ ಜನರಿಗೆ ಮುಟ್ಟಿಸುವುದು ಸಾಧ್ಯವಾದಾಗ ಪ್ರತಿಭೆಯಲ್ಲಿ ಕೂದಲೆಳೆಯಷ್ಟು ಮುಂದಿರುವವನಿಗೆ ಆದಾಯದಲ್ಲಿ ಸಿಂಹಪಾಲು ದಕ್ಕುತ್ತದೆ. ಅಧ್ಯಕ್ಷ ಒಬಾಮ ಅವರ ಆರ್ಥಿಕ ಸಲಹೆಗಾರರಾಗಿದ್ದ ಅಲನ್ ಕ್ರೂಗರ್ 2013ರಲ್ಲಿ ಕ್ಲೀವ್‌ಲ್ಯಾಂಡಿನ ರಾಕ್ ಸಂಗೀತ ಸಂಗ್ರಹಾಲಯದಲ್ಲಿ ಮಾಡಿದ ಭಾಷಣದಲ್ಲಿ ಇದಕ್ಕೆ ಅಂಕಿಗಳನ್ನು ಒದಗಿಸಿದರು. ಸಂಗೀತ ಕಾರ್ಯಕ್ರಮಗಳ ಒಟ್ಟು ಗಳಿಕೆಯಲ್ಲಿ ಮೇಲ್ತುದಿಯ ಶೇ 1ರಷ್ಟು ಕಲಾವಿದರ ಪಾಲು 1982ರಲ್ಲಿ ಶೇ 26 ಇದ್ದದ್ದು 2003ರ ವೇಳೆಗೆ ಶೇ 56ಕ್ಕೆ ಏರಿತ್ತು. ಸಂಗೀತಗಾರರ ಜೀವನಚಿತ್ರಗಳು ಈ ಒಲವನ್ನು ಇನ್ನಷ್ಟು ಬಲಪಡಿಸುತ್ತವೆ. ಈಗಾಗಲೇ ಹೆಸರಾದವರ ಮೇಲೆಯೇ ಚಿತ್ರವಾಗುತ್ತದೆ. ಚಿತ್ರವಾದವರ ಹಾಡನ್ನೇ ಜನ ಮತ್ತೆ ಕೇಳುತ್ತಾರೆ.

ನಮ್ಮ ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿ ಪ್ರದರ್ಶಕರಿಗೆ ಪ್ರತ್ಯೇಕ ಹಕ್ಕನ್ನು ನೀಡಿತು. ಪ್ರದರ್ಶಕನೆಂದರೆ ಗಾಯಕ, ವಾದಕ ಮಾತ್ರವಲ್ಲ, ಹಾವಾಡಿಗನೂ ಆ ವ್ಯಾಖ್ಯೆಯೊಳಗೆ ಬರುತ್ತಾನೆ. ಪ್ರದರ್ಶನವನ್ನು ವಾಣಿಜ್ಯ ಉದ್ದೇಶಕ್ಕೆ ಬಳಸಿಕೊಂಡರೆ ಗೌರವಧನದ ಪಾಲು ಸಲ್ಲಬೇಕೆಂದು 2012ರ ತಿದ್ದುಪಡಿ ಹೇಳಿತು. ಕಾಗದದ ಮೇಲೆ ಉರುಮೆಯವನೂ ಹಕ್ಕುದಾರನೇ. ಆದರೆ ಬರವಣಿಗೆಯ ಒಪ್ಪಂದವಿಲ್ಲದೆ, ಯಾರ ದನಿ ಯಾವಾಗ ಮುದ್ರಣವಾಯಿತೆಂಬ ದಾಖಲೆಯಿಲ್ಲದೆ ಆ ಹಕ್ಕನ್ನು ಕೇಳುವುದು ಹೇಗೆ? ಇನ್ನು ಹಾಡಿನ ಮಾತಿಗೆ, ಮಟ್ಟಿಗೆ ಗೊತ್ತಾದ ಕರ್ತೃವಿಲ್ಲ. ಅದು ‘ಜಾನಪದ’, ಎಂದರೆ ಕಾನೂನಿನ ಕಣ್ಣಿಗೆ ಬಹುತೇಕ ಯಾರದೂ ಅಲ್ಲ.

ಇಲ್ಲಿಯೇ ಒಂದು ವಿಪರ್ಯಾಸವಿದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೂ ಒಬ್ಬನೇ ಕರ್ತೃವಿಲ್ಲ. ಅದು ತಲೆಮಾರುಗಳ ನೇಕಾರರ ಒಟ್ಟು ವಿದ್ಯೆ. 1999ರ ಭೌಗೋಳಿಕ ಸೂಚಿ ಕಾಯ್ದೆಯಡಿ ಆ ಸೀರೆಗೆ ಮಾನ್ಯತೆ ದೊರೆತಿದೆ. ಸಮುದಾಯದ ಆಸ್ತಿಯೆಂಬ ಕಲ್ಪನೆ ನಮ್ಮ ಕಾನೂನಿಗೆ ಅಪರಿಚಿತವೇನಲ್ಲ. ಸೀರೆಯ ಅಂಚಿಗೆ ಸಿಕ್ಕ ಮಾನ್ಯತೆ ಅದೇ ನೆಲದ ಹಾಡಿಗೆ ಸಿಕ್ಕಿಲ್ಲ, ಅಷ್ಟೆ.

ಕಲೆಗೆ ಬೆಲೆ ಕಟ್ಟಬಾರದೆಂದು ವಾದಿಸುವವರಿದ್ದಾರೆ. ಹಣ ಬಂದರೆ ಜನಪದರ ಮುಗ್ಧತೆ ಹಾಳಾಗುತ್ತದೆಂಬ ಆತಂಕವನ್ನು ವಿದ್ಯಾವಂತರ ಬಾಯಲ್ಲಿ ನಾನು ಅನೇಕ ಸಲ ಕೇಳಿದ್ದೇನೆ. ತಮ್ಮ ಸಂಬಳದ ವಿಷಯದಲ್ಲಿ ಈ ಆತಂಕವನ್ನು ಯಾರೂ ವ್ಯಕ್ತಪಡಿಸಿದ್ದನ್ನು ಕಾಣೆ. ಹಾಡುಗಾರನ ಮಗ ಉರುಮೆಯನ್ನು ಗೋಡೆಗೆ ತೂಗುಹಾಕಿ ಕೂಲಿ ಅರಸಿ ಗುಳೆ ಹೋಗುವುದು ಹಣ ಬಂದದ್ದರಿಂದಲ್ಲ, ಬಾರದ್ದರಿಂದ.

ಆಗಬಹುದಾದ ಕೆಲಸಕ್ಕೂ ಆ ಸೀಮೆಯೇ ನಿದರ್ಶನ ನೀಡಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಪದಗಳು ಅವರ ನೆನಪಿನಲ್ಲಿದ್ದವು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಹಟ್ಟಿಗೆ ಹೋಗಿ ಕುಳಿತು, ಕೇಳಿ, ಬರೆದುಕೊಂಡರು. ಪದಗಳು ಹಾಡಿದವಳ ಹೆಸರಿನೊಂದಿಗೇ ಹೊರಬಂದವು. ನಾಡೋಜ ಗೌರವ ಹಟ್ಟಿಯನ್ನು ಹುಡುಕಿಕೊಂಡು ಬಂದಿತು. ಹೆಸರು ಉಳಿಯಲು ನಾಲಗೆ ಕೊಯ್ದುಕೊಳ್ಳಬೇಕಾಗಿಲ್ಲ. ಕೇಳುವವರು ಹತ್ತಿರ ಬಂದು ಕುಳಿತರೆ ಸಾಕು.

ಆದ್ದರಿಂದ ಮೂರು ಸಾಧಾರಣ ಸಲಹೆಗಳು. ಮೊದಲನೆಯದು, ವಿಶ್ವವಿದ್ಯಾಲಯವಾಗಲಿ, ಸರ್ಕಾರವಾಗಲಿ, ಚಿತ್ರೋದ್ಯಮವಾಗಲಿ, ಜನಪದ ಗಾಯಕರ ದನಿಯನ್ನು ಮುದ್ರಿಸಿಕೊಳ್ಳುವಾಗ ಕನ್ನಡದಲ್ಲಿ ಒಂದು ಪುಟದ ಒಪ್ಪಂದವನ್ನು ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆದು, ಅದರ ಪ್ರತಿಯನ್ನು ಗಾಯಕರಿಗೆ ಕೊಡುವುದು ಕಡ್ಡಾಯವಾಗಲಿ. ಎರಡನೆಯದು, ಸಮುದಾಯದ ಮಟ್ಟುಗಳನ್ನು ಬಳಸಿಕೊಂಡ ಚಿತ್ರಗಳು ‘ಜಾನಪದ’ ಎಂಬ ಒಂದೇ ಪದದ ಬದಲು ಸೀಮೆಯನ್ನೂ ಹಾಡಿಕೊಟ್ಟವರನ್ನೂ ಹೆಸರಿಸಿ, ಗಳಿಕೆಯ ಸಣ್ಣ ಅಂಶವನ್ನು ಆ ಸಮುದಾಯದ ಕಲಾವಿದರ ನಿಧಿಗೆ ನೀಡಲಿ. ಮೂರನೆಯದು, ಕಲಾವಿದರ ಮಾಸಾಶನಕ್ಕೆ ಗ್ರಾಮಸಭೆಯ ಸಾಕ್ಷ್ಯವೇ ಸಾಕಾಗಲಿ. ಊರೇ ಕುಣಿದ ತಾಳಕ್ಕೆ ಪ್ರಮಾಣಪತ್ರ ಕೇಳುವುದು ಆಡಳಿತದ ಜಾಣತನವಲ್ಲ.

ಈ ಮೂರನೆಯ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಆ ಚಿತ್ರಪ್ರದರ್ಶನವಾದ ಕೆಲವು ತಿಂಗಳ ಮೇಲೆ ಅದೇ ವೃದ್ಧ ಮಾಸಾಶನದ ಅರ್ಜಿ ಹಿಡಿದು ನನ್ನ ಮೇಜಿನ ಮುಂದೆ ನಿಂತಿದ್ದ. ವಯಸ್ಸಿನ ದಾಖಲೆಯಿಲ್ಲವೆಂದು ಒಮ್ಮೆ ಹಿಂದಿರುಗಿಸಿದೆ. ಪ್ರದರ್ಶನ ನೀಡಿದ್ದಕ್ಕೆ ಪುರಾವೆಯಿಲ್ಲವೆಂದು ಇನ್ನೊಮ್ಮೆ ಹಿಂದಿರುಗಿಸಿದೆ. ಅವನ ಉರುಮೆಯನ್ನು ನಾನೇ ಕಿವಿಯಾರೆ ಕೇಳಿದ್ದೆ. ಆದರೂ ಅದನ್ನು ಟಿಪ್ಪಣಿಯಲ್ಲಿ ಬರೆದು ಶಿಫಾರಸು ಮಾಡಬಹುದೆಂಬ ಆಲೋಚನೆ ನನಗೆ ಬರಲಿಲ್ಲ. ಮೂರನೆಯ ಸಲ ಅವನು ಬರಲಿಲ್ಲ. ನಾನು ವಿಚಾರಿಸಲಿಲ್ಲ, ಅಷ್ಟರಲ್ಲಿ ನನಗೆ ವರ್ಗವಾಯಿತು.

ಮಲ್ಟಿಪ್ಲೆಕ್ಸಿನಲ್ಲಿ ಎದ್ದುನಿಂತು ಹಾಡಿದ ಆ ಹುಡುಗರನ್ನು ನಾನು ಹಳಿಯಲಾರೆ. ಅವರ ಕಣ್ಣೀರು ಪ್ರಾಮಾಣಿಕವಾಗಿತ್ತು. ಮೂವತ್ತು ವರ್ಷಗಳ ಹಿಂದೆ ಆ ಬಯಲಿನಲ್ಲಿ ‘ಹಂಸಗೀತೆ’ ನೋಡಿದಾಗ ನನ್ನದೂ ಪ್ರಾಮಾಣಿಕವಾಗಿಯೇ ಇತ್ತು. ಸತ್ತು ಇನ್ನೂರು ವರ್ಷಗಳಾದ ಗಾಯಕನಿಗಾಗಿ ಮರುಗಿದ ನಾನು, ಎದುರು ನಿಂತ ಕಲಾವಿದನ ಅರ್ಜಿಯ ಮೇಲೆ ಆಕ್ಷೇಪಣೆ ಬರೆದೆ. ಭೈರವಿ ವೆಂಕಟಸುಬ್ಬಯ್ಯನ ಹೆಸರು ನನಗೆ ಇಂದಿಗೂ ನೆನಪಿದೆ. ಅವನ ಹೊಟ್ಟೆಪಾಡು ಏನಾಯಿತೆಂದು ಕೇಳಿದವನ ಹೆಸರು, ಎಷ್ಟು ಯತ್ನಿಸಿದರೂ, ನೆನಪಾಗುತ್ತಿಲ್ಲ.