ಮನೆವಾರ್ತೆ: ಪ್ಲೈವುಡ್ಡನ್ನು ಆರಿಸುವ ಬಗೆ

ನಮ್ಮ ರಾಮಕುಂಜದ ಕಡೆಯಲ್ಲಿ ಆಟಿ ತಿಂಗಳೆಂದರೆ ಮನೆಯೊಳಗಿನ ವಸ್ತುಗಳಿಗೆ ಪರೀಕ್ಷಾಕಾಲ. ಭರಣಿಯಲ್ಲಿಟ್ಟ ಉಪ್ಪು ನೀರಾಗುತ್ತದೆ. ಪೆಟ್ಟಿಗೆಯಲ್ಲಿಟ್ಟ ರೇಷ್ಮೆಗೆ ಬೂಷ್ಟು ಹಿಡಿಯುತ್ತದೆ. ಬೇಸಗೆಯಲ್ಲಿ ಒಂದು ಬೆರಳಿನಿಂದ ತಳ್ಳಿದರೆ ಮುಚ್ಚಿಕೊಳ್ಳುತ್ತಿದ್ದ ಬಾಗಿಲು ಈಗ ಭುಜ ಕೊಟ್ಟು ತಳ್ಳಿದರೂ ಕೂಡಿಕೊಳ್ಳದು. ವರ್ಷವೊಂದಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಮರದ ಕೆಲಸವನ್ನು ಮಾಡಿಸತಕ್ಕವರು ಮೊದಲು ನೀರನ್ನು ನೆನೆದು ಆಮೇಲೆ ಮರವನ್ನು ನೆನೆಯತಕ್ಕದ್ದು. ಈ ಮಾತನ್ನು ನಾನು ಹಣ ಕಳೆದುಕೊಂಡು ಕಲಿತೆನು. ವಾಚಕರು ಹಣ ಕಳೆಯದೆಯೇ ಕಲಿಯಲೆಂದು ಈ ತಿಂಗಳ ಪುಟಗಳಲ್ಲಿ ಆ ವಿಚಾರವನ್ನು ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಅಡುಗೆಮನೆಯನ್ನು ಹೊಸತು ಮಾಡಿಸಿದಾಗ, ಆ ವರ್ಷದ ಅಡಿಕೆ ಮಾರಿದ ಹಣದಲ್ಲಿ ಮನೆಖರ್ಚು ಕಳೆದು ಉಳಿದುದೆಲ್ಲವನ್ನೂ ಕಪಾಟುಗಳಿಗೆ ಹಾಕಿದೆನು. ಪ್ಲೈವುಡ್ಡನ್ನು ಕೊಂಡ ಅಂಗಡಿಯಲ್ಲಿ ವಿಚಾರಿಸಿದುದಕ್ಕೆ, “ಇದಕ್ಕೆ ನೀರು ಬಿದ್ದರೂ ಏನೂ ಆಗುವುದಿಲ್ಲ, ಎಲ್ಲರೂ ಇದನ್ನೇ ಕೊಂಡುಹೋಗುವುದು” ಎಂಬ ಉತ್ತರ ಬಂದಿತು. ಹಲಗೆಯ ಮೈಮೇಲೆ ‘ಎಂ.ಆರ್.’ ಎಂದು ಅಚ್ಚೊತ್ತಿದ್ದಿತು. ಅದರ ಅರ್ಥವನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೊದಲನೆಯ ಮಳೆಗಾಲ ಹೇಗೋ ಕಳೆಯಿತು. ಎರಡನೆಯದರಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಕಪಾಟು ಅಂಚಿನಿಂದ ಉಬ್ಬತೊಡಗಿ, ನೆನೆದ ಪುಸ್ತಕದಂತೆ ಪದರ ಪದರವಾಗಿ ಬಿಚ್ಚಿಕೊಂಡಿತು. ಬಿಜಾಗರಿಯ ತಿರುಪು ಮೊಳೆಗಳು ಕೈಯಲ್ಲೇ ಕಿತ್ತು ಬಂದುವು. ಮನೆಯವಳು ಏನೂ ಆಡಲಿಲ್ಲ. ಭರಣಿಗಳನ್ನೆಲ್ಲ ತೆಗೆದು ನಡುಕೋಣೆಯ ಬೆಂಚಿನ ಮೇಲೆ ಸಾಲಾಗಿ ಇಟ್ಟಳು. ಆ ಸಾಲು ಮೂರು ತಿಂಗಳು ಅಲ್ಲಿಯೇ ಇದ್ದಿತು. ನೋಡಲು ಬಂದ ಆಚಾರಿಗಳು ಹಲಗೆಯ ಒಂದು ಪದರವನ್ನು ಉಗುರಿನಿಂದ ಎಬ್ಬಿಸಿ, “ಅಣ್ಣಾ, ಮರ ಹಾಳಾದದ್ದಲ್ಲ, ಅಂಟು ಬಿಟ್ಟದ್ದು” ಎಂದರು. ನಾನು ಹೇಳಬೇಕೆಂದಿರುವುದರ ಸಾರವೆಲ್ಲ ಆ ಒಂದು ಮಾತಿನಲ್ಲಿದೆ.

ಪ್ಲೈವುಡ್ಡು ಎಂದರೇನು? ಹಲಸಿನ ಹಲಗೆಯು ಮಳೆಗಾಲದ ಪಸೆಯನ್ನು ಕುಡಿದು ಅಗಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ. ಮರದ ಈ ಸ್ವಭಾವವನ್ನು ಅರಿತೇ ಪ್ಲೈವುಡ್ಡನ್ನು ಮಾಡುತ್ತಾರೆ. ದಿಮ್ಮಿಯನ್ನು ಯಂತ್ರದಲ್ಲಿ ತಿರುಗಿಸುತ್ತ, ಚಾಪೆಯ ಸುರುಳಿಯನ್ನು ಬಿಚ್ಚಿದಂತೆ, ತೆಳುವಾದ ಹಾಳೆಯಾಗಿ ಸುಲಿಯುತ್ತಾರೆ. ಒಂದು ಹಾಳೆಯ ಎಳೆ ಉದ್ದಕ್ಕಿದ್ದರೆ ಅದರ ಮೇಲಿನದು ಅಡ್ಡಕ್ಕೆ ಬರುವಂತೆ ಜೋಡಿಸಿ, ನಡುವೆ ಅಂಟು ಸವರಿ, ಕಾಯಿಸಿ ಒತ್ತುತ್ತಾರೆ. ಒಂದು ಪದರವು ಹಿಗ್ಗಹೊರಟರೆ ನೆರೆಯ ಪದರವು ಅದನ್ನು ಹಿಡಿದು ನಿಲ್ಲಿಸುತ್ತದೆ. ಪದರಗಳ ಸಂಖ್ಯೆ 3, 5, 7, 9 ಎಂದು ಬೆಸವಾಗಿರುವುದು, ಎರಡು ಮೈಗಳ ಎಳೆತವೂ ಸಮನಾಗಿದ್ದು ಹಲಗೆಯು ಸೊಟ್ಟಗಾಗದಿರಲೆಂದು. ಆದುದರಿಂದ ಪದರಗಳನ್ನು ಹಿಡಿದಿರುವ ಅಂಟು ಸೋತೊಡನೆ, ಎಂತಹ ಒಳ್ಳೆಯ ಮರವಾದರೂ ಬರಿಯ ಹಾಳೆಗಳ ಕಟ್ಟಾಗಿ ಉಳಿಯುತ್ತದೆ.

ನಮ್ಮ ದೇಶದಲ್ಲಿ ಪ್ಲೈವುಡ್ಡು ಮೊದಲು ಹೆಚ್ಚಾಗಿ ಬಳಕೆಯಾದುದು ಅಸ್ಸಾಮಿನ ಚಹಾ ಪೆಟ್ಟಿಗೆಗಳಿಗೆ. ನಮಗೆ ನೆರೆಯದಾದ ಕಣ್ಣೂರಿನ ವಳಪಟ್ಟಣದಲ್ಲಿ ವೆಸ್ಟರ್ನ್ ಇಂಡಿಯಾ ಪ್ಲೈವುಡ್ಸ್ ಎಂಬ ಕಾರ್ಖಾನೆಯು 1945ರಲ್ಲಿ ಸ್ಥಾಪಿತವಾಯಿತು; ಆಗ ಪುತ್ತೂರೂ ಕಣ್ಣೂರೂ ಒಂದೇ ಮದರಾಸು ಪ್ರಾಂತಕ್ಕೆ ಸೇರಿದ್ದುವು. ಪ್ಲೈವುಡ್ಡಿನ ಸಂಶೋಧನೆಗೆಂದೇ 1962ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಸ್ಥೆಯು ಹುಟ್ಟಿತು. ಆ ಕಾಲದ ಹಲಗೆಗಳಲ್ಲಿ ಕಾಡಿನ ಗಟ್ಟಿಮರಗಳೇ ಹೆಚ್ಚು. 1996ನೆಯ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಮೊಕದ್ದಮೆಯಲ್ಲಿ ಕೊಟ್ಟ ಆಜ್ಞೆಯು ಕಾಡು ಕಡಿಯುವುದಕ್ಕೆ ಬಿಗಿಯಾದ ತಡೆಯನ್ನು ಹಾಕಿತು. ಗರ್ಜನ್ ಮರವನ್ನು ಕಳುಹಿಸುತ್ತಿದ್ದ ಬರ್ಮಾ ದೇಶವು 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಹೀಗಾಗಿ ಈಗಿನ ಪ್ಲೈವುಡ್ಡಿನ ಬಹುಭಾಗವು ತೋಟಗಳಲ್ಲಿ ಬೆಳೆಸಿದ ಮರದ್ದು: ಹರಿಯಾಣದ ಯಮುನಾನಗರದಲ್ಲಿ ಪೋಪ್ಲರ್ ಮತ್ತು ನೀಲಗಿರಿ, ಕೇರಳದ ಪೆರುಂಬಾವೂರಿನಲ್ಲಿ ರಬ್ಬರು.

ರಬ್ಬರು ಮರವು ನಮಗೆ ಅಪರಿಚಿತವಲ್ಲ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳಿಗೆ ಜೀವನೋಪಾಯವಾಗಲೆಂದು ಸರಕಾರವು ಸುಳ್ಯ, ಪುತ್ತೂರು ಕಡೆಗಳಲ್ಲಿ ರಬ್ಬರು ತೋಟಗಳನ್ನು ಎಬ್ಬಿಸಿತು. ಸ್ವಂತ ಜಾಗದಲ್ಲಿ ಬೆಳೆದವರೂ ಅನೇಕರಿದ್ದಾರೆ. ಹಾಲು ಕಡಿಮೆಯಾದ ಮುದಿಮರಗಳು ಲಾರಿಯೇರಿ ಹೋಗುವುದನ್ನು ನಾವು ನೋಡುತ್ತಲೇ ಇದ್ದೇವೆ. ಈ ಮರದಲ್ಲಿ ಪಿಷ್ಟವು ಹೆಚ್ಚಾಗಿರುವುದರಿಂದ ಕುಟ್ಟೆಹುಳುವಿಗೆ ಇದು ಬಹು ಪ್ರಿಯ. ಕಡಿದು ತಡಮಾಡದೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಿನಿಂದ ಸಂಸ್ಕರಿಸಿದುದಾದರೆ ಭಯವಿಲ್ಲ. ‘ರಬ್ಬರು ಮರದ್ದೇ’ ಎಂದು ಹಳಿಯುವುದಕ್ಕಿಂತ ‘ಸಂಸ್ಕರಿಸಿದ್ದಾರೆಯೇ’ ಎಂದು ಕೇಳುವುದು ಯೋಗ್ಯ.

ಇನ್ನು ಅಂಟಿನ ವಿಚಾರ. ಹಲಗೆಯ ಮೇಲಿನ ಅಕ್ಷರಗಳು ಅಂಟಿನ ಗುಣವನ್ನೇ ಹೇಳುತ್ತವೆ. ‘ಎಂ.ಆರ್.’ ಎಂಬುದು ಗಾಳಿಯ ಪಸೆಯನ್ನು ಮಾತ್ರ ತಡೆಯತಕ್ಕುದು. ಅದರಲ್ಲಿ ಸಾಮಾನ್ಯವಾಗಿ ಯೂರಿಯಾ ಅಂಟು ಇರುತ್ತದೆ. ‘ಬಿ.ಡಬ್ಲ್ಯು.ಆರ್.’ ಎಂಬುದು ಕುದಿನೀರನ್ನು ಕೆಲಮಟ್ಟಿಗೆ ತಾಳತಕ್ಕುದು. ಅದರದು ಫೀನಾಲ್ ಅಂಟು. ಇವೆರಡೂ ಐ.ಎಸ್. 303 ಎಂಬ ಮಾನಕಕ್ಕೆ ಸೇರಿದವು. ‘ಬಿ.ಡಬ್ಲ್ಯು.ಪಿ.’ ಅಥವಾ ‘ಮರೀನ್’ ಎಂಬುದು ಐ.ಎಸ್. 710ಕ್ಕೆ ಸೇರಿದುದು. ಪರೀಕ್ಷಾಶಾಲೆಯಲ್ಲಿ ಮೊದಲನೆಯದನ್ನು 60 ಡಿಗ್ರಿಯ ಬಿಸಿನೀರಿನಲ್ಲಿ 3 ಗಂಟೆಗಳಂತೆಯೂ, ಎರಡನೆಯದನ್ನು ಕುದಿಯುವ ನೀರಿನಲ್ಲಿ 8 ಗಂಟೆಗಳಂತೆಯೂ ಇಟ್ಟು ನೋಡುತ್ತಾರೆ. ಮೂರನೆಯದನ್ನು 72 ಗಂಟೆ, ಎಂದರೆ ಮೂರು ಹಗಲು ಮೂರು ರಾತ್ರಿ, ಕುದಿಸುತ್ತಾರೆ. ಇಷ್ಟನ್ನು ತಿಳಿದಿದ್ದರೆ ನಾನು ಎಂ.ಆರ್. ಹಲಗೆಯನ್ನು ತೊಟ್ಟಿಯ ಕೆಳಗೆ ಇಡುತ್ತಿರಲಿಲ್ಲ.

ಎಲ್ಲ ಕಡೆಗೂ ಬೆಲೆಯುಳ್ಳ ಹಲಗೆಯನ್ನೇ ಹಾಕುವುದೂ ಜಾಣತನವಲ್ಲ. ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ನೋಡಿ ವಿಭಾಗಿಸಿಕೊಳ್ಳಬೇಕು. ತೊಟ್ಟಿಯ ಕೆಳಗಿನ ಕಪಾಟು, ಬಚ್ಚಲಿನ ಗೋಡೆಗೆ ತಾಗಿರುವುದು, ಜಗಲಿಯಲ್ಲಿ ಎರಚಲು ಬೀಳುವ ಜಾಗ, ಇವುಗಳಿಗೆ 710. ಅಡುಗೆಮನೆಯ ಉಳಿದ ಭಾಗಕ್ಕೂ, ಹೊರಗೋಡೆಗೆ ಒರಗಿದ ಕಪಾಟುಗಳಿಗೂ ಬಿ.ಡಬ್ಲ್ಯು.ಆರ್. ಸಾಕು. ಒಳಕೋಣೆಯ ಪುಸ್ತಕದ ಕಪಾಟು, ಬರೆಯುವ ಮೇಜು, ದೇವರ ಕೋಣೆಯ ಮಂಟಪ, ಇವುಗಳಿಗೆ ಒಳ್ಳೆಯ ಎಂ.ಆರ್. ಹಲಗೆಯೇ ಬಾಳುತ್ತದೆ. ತಾರಸಿಯ ಸೆಂಟ್ರಿಂಗಿಗೆ ಐ.ಎಸ್. 4990 ಎಂಬ ಬೇರೆಯೇ ಜಾತಿಯುಂಟು. ಸಿಮೆಂಟು ಅಂಟದಂತೆ ಅದರ ಮೈಗೆ ನುಣುಪಾದ ಲೇಪವಿರುತ್ತದೆ.

ಎತ್ತರವಾದ ಕಪಾಟಿನ ಬಾಗಿಲುಗಳಿಗೆ ಪ್ಲೈವುಡ್ಡಿಗಿಂತ ಬ್ಲಾಕ್‌ಬೋರ್ಡು ಮೇಲು. ಅದರ ಹೊಟ್ಟೆಯಲ್ಲಿ ಮರದ ಪಟ್ಟಿಗಳು ಸಾಲಾಗಿರುವುದರಿಂದ ಹಗುರ. ಉದ್ದದಲ್ಲಿ ಬೇಗನೆ ಬಾಗುವುದಿಲ್ಲ. ಐ.ಎಸ್. 1659 ಅದರ ಗುರುತು. ಕೋಣೆಗಳ ಸಿದ್ಧಬಾಗಿಲುಗಳಿಗೆ ಐ.ಎಸ್. 2202. ಮರದ ಹುಡಿಯನ್ನು ಒತ್ತಿ ಮಾಡಿದ ಹಲಗೆಗಳು ಅಗ್ಗವೂ ನುಣುಪೂ ಆಗಿವೆಯಾದರೂ, ಒಮ್ಮೆ ಅಂಚಿನಿಂದ ನೀರು ಕುಡಿದರೆ ಮರಳಿ ಮೊದಲಿನಂತಾಗವು. ಅವುಗಳನ್ನು ನೀರಿರುವ ಕಡೆಗೆ ತರಕೂಡದು.

ದಪ್ಪದ ಲೆಕ್ಕವನ್ನೂ ಹೇಳುತ್ತೇನೆ. ಕಪಾಟಿನ ಮೈಗೂ ತಟ್ಟುಗಳಿಗೂ 18 ಅಥವಾ 19 ಮಿಲಿಮೀಟರ್, ಸೆಳೆಪೆಟ್ಟಿಗೆಗಳ ಬದಿಗಳಿಗೆ 12, ಹಿಂಬದಿಗೆ 6 ಸಾಕಾಗುತ್ತದೆ. 8 ಅಡಿ ಉದ್ದ 4 ಅಡಿ ಅಗಲದ ಒಂದು ಹಲಗೆಯಲ್ಲಿ 32 ಚದರ ಅಡಿಗಳಿವೆ. ಅದನ್ನು ಅಗಲದಲ್ಲಿ ಎರಡು ಸೀಳಿದರೆ ಎರಡೆರಡು ಅಡಿ ಪೂರ್ಣವಾಗಿ ದೊರೆಯದು. ಗರಗಸವು ತಿನ್ನುವ ಒಂದೆರಡು ಮಿಲಿಮೀಟರನ್ನು ಬಿಟ್ಟು ಅಳತೆ ಹಾಕಬೇಕು. ಕೊಳ್ಳುವುದಕ್ಕೆ ಮೊದಲು ಆಚಾರಿಗಳೊಡನೆ ಕುಳಿತು, ಯಾವ ತುಂಡು ಎಲ್ಲಿಂದ ಬರುತ್ತದೆ ಎಂದು ಕಾಗದದ ಮೇಲೆ ಗೆರೆ ಎಳೆದುಕೊಂಡರೆ ಒಂದೆರಡು ಹಲಗೆಗಳ ಹಣವೇ ಉಳಿಯಬಹುದು. ಭಾರ ಹೊರುವ ತಟ್ಟುಗಳಲ್ಲಿ ಮೇಲುಪದರದ ಎಳೆಯು ತಟ್ಟಿನ ಉದ್ದಕ್ಕೆ ಬರುವಂತೆ ಕೊಯ್ಯಿಸಬೇಕು. ಅಡ್ಡಕ್ಕೆ ಬಂದರೆ ತಟ್ಟು ಬೇಗ ಜೋಲುತ್ತದೆ.

ಅಂಗಡಿಯಲ್ಲಿ ನೋಡತಕ್ಕವು ಇವು. ಮೈಯನ್ನು ಬಿಟ್ಟು ಅಂಚನ್ನು ನೋಡಿರಿ: ಪದರಗಳು ಸಮವಾಗಿರಬೇಕು, ನಡುವೆ ಬೆಳಕು ಕಾಣುವ ಸಂದುಗಳಿರಬಾರದು. ಹಲಗೆಯ ಉದ್ದಗಲಕ್ಕೂ ನಾಣ್ಯದಿಂದ ತಟ್ಟಿರಿ: ಒಂದೆಡೆ ಗಟ್ಟಿ, ಇನ್ನೊಂದೆಡೆ ಪೊಳ್ಳು ಸದ್ದಾದರೆ ಒಳಗೆ ಟೊಳ್ಳಿದೆ. ನಾಲ್ಕು ಮೂಲೆಗಳಲ್ಲಿಯೂ ದಪ್ಪವನ್ನು ಅಳೆಯಿರಿ. ಐ.ಎಸ್.ಐ. ಮುದ್ರೆಯೊಡನೆ ಮಾನಕದ ಸಂಖ್ಯೆಯೂ ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಪರವಾನಗಿಯು ಯಾರದು, ನಡೆಯುತ್ತಿದೆಯೇ ಎಂಬುದು ತಿಳಿಯುತ್ತದೆ. ಕೊಂಡ ಸರಕಿನ ದರ್ಜೆಯನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳುವುದನ್ನು ಮರೆಯಕೂಡದು.

ಇಷ್ಟಾದರೂ ಕಣ್ಣಿಗೆ ಕಾಣದ ಅಂಟನ್ನು ನಂಬುವುದು ಹೇಗೆ? ಅದಕ್ಕೆ ನಮ್ಮ ಊರಿನ ಮನೆಗಳಲ್ಲಿ ಒಳ್ಳೆಯ ಸಾಧನವಿದೆ, ಅದು ಬಚ್ಚಲೊಲೆ. ಕಳೆದ ವರ್ಷ ನೆರೆಮನೆಯವರು ಮಗಳ ಮದುವೆಗೆ ಮುಂಚೆ ಮುಗಿಯಬೇಕೆಂದು ಹೊಸಮನೆಯನ್ನು ಕಟ್ಟಿಸುತ್ತಿದ್ದರು. ಬ್ಯಾಂಕಿನ ಸಾಲ, ತಪ್ಪಿದರೆ ಮತ್ತೊಮ್ಮೆ ಮಾಡಿಸುವ ಶಕ್ತಿಯಿಲ್ಲ. ನನ್ನ ಮಾತಿನಂತೆ ಮೂರು ಅಂಗಡಿಗಳಿಂದ ಅಂಗೈಯಗಲದ ಒಂದೊಂದು ಮಾದರಿ ತುಂಡನ್ನು ತಂದರು. ಮೂರರ ಮೇಲೂ 710 ಎಂದೇ ಇದ್ದಿತು. ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರಿಟ್ಟು, ತುಂಡುಗಳನ್ನು ಮುಳುಗಿಸಿ, ಬೆಳಗ್ಗೆ ಒಲೆಗೇರಿಸಿದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ತುಂಡಿನ ಅಂಚು ಬಾಯಿಬಿಟ್ಟಿತು. ಸಂಜೆಗೆ ಅದು ಐದಾರು ಹಾಳೆಗಳಾಗಿ ನೀರಿನ ಮೇಲೆ ತೇಲುತ್ತಿದ್ದಿತು. ಉಳಿದ ಎರಡನ್ನು ರಾತ್ರಿ ನೀರಿನಲ್ಲಿಯೇ ಬಿಟ್ಟು ಮತ್ತೆರಡು ಹಗಲು ಕುದಿಸಿದರೂ, ಕತ್ತಿಯ ಮೊನೆಯಿಂದ ಎಬ್ಬಿಸಲಾಗಲಿಲ್ಲ. ನೆರೆಯವರು ತೇಲುತ್ತಿದ್ದ ಹಾಳೆಗಳನ್ನು ಬಹಳ ಹೊತ್ತು ನೋಡಿ, “ಇದನ್ನೇ ತರುವವನಿದ್ದೆ” ಎಂದರು. ಮನೆಯ ಪರೀಕ್ಷೆಯು ಪ್ರಯೋಗಶಾಲೆಯದಕ್ಕೆ ಸಮನಲ್ಲವಾದರೂ, ಮೋಸವನ್ನು ಹಿಡಿಯಲು ಒಂದು ಹಗಲಿನ ಕುದಿ ಬಹುಮಟ್ಟಿಗೆ ಸಾಕು. ಸ್ನಾನದ ಹಂಡೆಯಲ್ಲಿ ಮಾತ್ರ ಇದನ್ನು ಮಾಡಕೂಡದು; ಅಂಟಿನ, ಮದ್ದಿನ ಅಂಶವು ನೀರಿಗೆ ಇಳಿಯುತ್ತದೆ.

ಒಳ್ಳೆಯ ಹಲಗೆಯನ್ನು ತಂದ ಮೇಲೂ ಕೆಲವು ಎಚ್ಚರಿಕೆಗಳಿವೆ. ನೀರು ನುಗ್ಗುವುದು ಅಂಚಿನಿಂದ. ಆದುದರಿಂದ ಕೊಯ್ದ ಅಂಚುಗಳಿಗೂ ತೂತುಗಳಿಗೂ ತಪ್ಪದೆ ಪ್ರೈಮರನ್ನೋ ವಾರ್ನಿಷನ್ನೋ ಹಚ್ಚಿಸಬೇಕು. ಕಪಾಟನ್ನು ನೆಲಕ್ಕೆ ಊರದೆ ನಾಲ್ಕಂಗುಲ ಎತ್ತರದ ಕಲ್ಲಿನ ಕಟ್ಟೆಯ ಮೇಲೆ ನಿಲ್ಲಿಸಬೇಕು. ಹೊಸ ಗಾರೆಯ ಗೋಡೆಯು ಒಂದು ಬೇಸಗೆಯನ್ನು ಕಾಣುವ ಮೊದಲು ಅದಕ್ಕೆ ಹಲಗೆಯನ್ನು ತಾಗಿಸಬಾರದು. ಒಂದು ಮೈಗೆ ಮೈಕಾ ಅಂಟಿಸಿ ಇನ್ನೊಂದನ್ನು ಬರಿದೆ ಬಿಟ್ಟರೆ ಹಲಗೆ ಬಾಗುತ್ತದೆ. ಎರಡು ಮೈಗೂ ಹೊದಿಕೆ ಬೇಕು. ನೀರನ್ನು ತಡೆಯುವ ಅಂಟು ಗೆದ್ದಲಿಗೆ ಮದ್ದಲ್ಲವೆಂಬುದನ್ನೂ ನೆನಪಿಡಬೇಕು. ಈ ಅಂಟುಗಳಿಂದ ಹೊರಡುವ ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾಂಗವು 2004ರಲ್ಲಿ ಅರ್ಬುದಕಾರಿಗಳ ಸಾಲಿಗೆ ಸೇರಿಸಿತು. ಹೊಸ ಕಪಾಟಿನಿಂದ ಕಣ್ಣುರಿಯುವಂತಹ ವಾಸನೆ ಬರುತ್ತಿದ್ದರೆ, ಅದು ಹೋಗುವವರೆಗೆ ಬಾಗಿಲುಗಳನ್ನು ತೆರೆದಿಟ್ಟು, ಮಕ್ಕಳನ್ನು ಆ ಕೋಣೆಯಲ್ಲಿ ಮಲಗಿಸದಿರುವುದು ಒಳ್ಳಿತು. ಕೊಳ್ಳುವಾಗಲೇ ಇ–1 ಅಥವಾ ಇ–0 ಗುರುತಿನದನ್ನು ಕೇಳಬಹುದು. ಉಳಿದ ಚೂರುಗಳನ್ನು ಅಡಿಕೆ ಸಿಪ್ಪೆಯೊಡನೆ ಒಲೆಗೆ ಹಾಕುವ ಅಭ್ಯಾಸವು ನಮ್ಮಲ್ಲಿದೆ. ಅದರ ಹೊಗೆಯು ಕೆಟ್ಟದ್ದು, ಹಾಕಬೇಡಿರಿ.

ಹಿತ್ತಿಲಲ್ಲಿ ಬೆಳೆದ ಹಲಸನ್ನೂ ಹಳೆಮನೆಯನ್ನು ಬಿಚ್ಚುವಾಗ ದೊರೆತ ಹೆಬ್ಬಲಸಿನ ತೊಲೆಯನ್ನೂ ಪ್ಲೈವುಡ್ಡಿನ ಭ್ರಮೆಯಲ್ಲಿ ಕಡೆಗಣಿಸಬಾರದು. ದಾರಂದಕ್ಕೂ ಹೊರಬಾಗಿಲಿಗೂ ಅವುಗಳಿಗೆ ಸಾಟಿಯಾದುದನ್ನು ನಾನು ಕಾಣೆ. ಅಗಲವಾದ, ಸಮವಾದ, ಬಿರಿಯದ ಮೈ ಬೇಕಾದ ಕಡೆಗೆ ಪ್ಲೈವುಡ್ಡು. ಬಿಸಿಲುಮಳೆಗೆ ಎದುರು ನಿಲ್ಲಬೇಕಾದ ಕಡೆಗೆ ಮರ. ಹೀಗೆ ಹಂಚಿಕೊಂಡರೆ ಎರಡಕ್ಕೂ ಗೌರವ.

ನಮ್ಮ ಅಡುಗೆಮನೆಯ ಎರಡನೆಯ ಕಪಾಟು ಈಗ ನಾಲ್ಕು ಆಟಿಗಳನ್ನು ಕಂಡಿದೆ. ತೊಟ್ಟಿಯ ಕೆಳಗಿನ ಹಲಗೆಗಳು ಮಾತ್ರ 710, ಉಳಿದವು ಬಿ.ಡಬ್ಲ್ಯು.ಆರ್. ಪ್ರತಿ ಮಳೆಗಾಲದ ಕೊನೆಗೆ ನಾನು ಬಗ್ಗಿ ಅಂಚುಗಳನ್ನು ಬೆರಳಿನಿಂದ ತಡವಿ ನೋಡುತ್ತೇನೆ. ಭರಣಿಗಳು ಅವುಗಳ ಜಾಗದಲ್ಲಿಯೇ ಇವೆ. ಮುಂದಿನ ತಿಂಗಳು ವಾರ್ನಿಷು ಮತ್ತು ಬಣ್ಣಗಳ ವಿಚಾರವನ್ನು ಬರೆಯುತ್ತೇನೆ.